ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕರು? ಮುಂಬಯಿಯ ಕನ್ನಡಿಗ ಪಾಲಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮೇ ತಿಂಗಳಲ್ಲಿ ಶಾಲಾ ಪ್ರವೇಶದ ಗಡಿಬಿಡಿ ಶುರುವಾದ ಕೂಡಲೇ ಧಾರಾವಿಯಿಂದ ದಹಿಸರ್‌ವರೆಗಿನ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕಾನೂನು ಹೇಳಿದ್ದನ್ನು ಕಾನೂನು ಎಂದೇ ಬರೆದಿದ್ದೇನೆ. ಉಳಿದದ್ದು ನನ್ನ ಅಭಿಪ್ರಾಯ, ಒಪ್ಪಲೇಬೇಕೆಂದಿಲ್ಲ.

1:30 ಎಂದರೆ ಒಂದು ಕೋಣೆಯಲ್ಲಿ ಮೂವತ್ತು ಮಕ್ಕಳು ಎಂದು ತಾನೇ ಅರ್ಥ?

ಅಲ್ಲ. ಶಾಲೆಯ ಒಟ್ಟು ಮಕ್ಕಳನ್ನು ಒಟ್ಟು ಶಿಕ್ಷಕರ ಸಂಖ್ಯೆಯಿಂದ ಭಾಗಿಸಿದಾಗ ಸಿಗುವುದು ವಿದ್ಯಾರ್ಥಿ-ಶಿಕ್ಷಕ ಅನುಪಾತ. ಕೋಣೆಯೊಳಗೆ ಎಷ್ಟು ಮಕ್ಕಳು ಕುಳಿತಿದ್ದಾರೆ ಎಂಬುದು ತರಗತಿಯ ಗಾತ್ರ. ಎರಡೂ ಬೇರೆ ಬೇರೆ. ಹೆರಿಗೆ ರಜೆಯಲ್ಲಿರುವವರು, ಚುನಾವಣಾ ಪಟ್ಟಿಯ ಕೆಲಸಕ್ಕೆ ಹೋದವರು, ಕಚೇರಿಯ ಕಾಗದಪತ್ರದಲ್ಲೇ ದಿನ ಕಳೆಯುವವರು ಎಲ್ಲರೂ ಹಾಜರಿ ಪುಸ್ತಕದಲ್ಲಿ ಇರುತ್ತಾರೆ, ಕೋಣೆಯಲ್ಲಿ ಇರುವುದಿಲ್ಲ. ಅನುಪಾತ 1:30 ಇರುವ ಶಾಲೆಯ ಒಂದು ಡಿವಿಷನ್‌ನಲ್ಲಿ 48 ಮಕ್ಕಳನ್ನು ಕಂಡರೆ ಗಾಬರಿಯಾಗಬೇಡಿ, ಲೆಕ್ಕ ತಪ್ಪಿದೆ ಎಂದೂ ಭಾವಿಸಬೇಡಿ.

ದೇಶದ ಸರಾಸರಿ ತುಂಬಾ ಚೆನ್ನಾಗಿದೆ ಎಂದು ಪತ್ರಿಕೆಯಲ್ಲಿ ಓದಿದೆ. ನಮ್ಮ ಶಾಲೆಯಲ್ಲಿ ಮಾತ್ರ ಏಕೆ ಇಷ್ಟು ನೂಕುನುಗ್ಗಲು?

ನೀವು ಓದಿದ್ದು ಸರಿ. ದೇಶದ ಎಲ್ಲ ಶಾಲೆಗಳ ಅಂಕಿಅಂಶ ಕಲೆಹಾಕುವ ಕೇಂದ್ರ ಸರ್ಕಾರದ ಯುಡೈಸ್ ಪ್ಲಸ್ ವರದಿಯ ಪ್ರಕಾರ 2024-25ರಲ್ಲಿ ಮೂರರಿಂದ ಐದನೆಯ ತರಗತಿಯ ಹಂತದಲ್ಲಿ 13 ಮಕ್ಕಳಿಗೆ ಒಬ್ಬ ಶಿಕ್ಷಕರಿದ್ದಾರೆ, ಆರರಿಂದ ಎಂಟರಲ್ಲಿ 17ಕ್ಕೆ ಒಬ್ಬರು. ಅದೇ ವರದಿಯಲ್ಲಿ ಒಬ್ಬರೇ ಶಿಕ್ಷಕರಿರುವ ಶಾಲೆಗಳು ಒಂದು ಲಕ್ಷಕ್ಕೂ ಹೆಚ್ಚಿವೆ. ಒಂದು ಮಗುವೂ ಇಲ್ಲದ ಶಾಲೆಗಳು ಸುಮಾರು ಎಂಟು ಸಾವಿರ.

ಸರಾಸರಿ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಒಂದು ಕಾಲ್ಪನಿಕ ವಾರ್ಡನ್ನು ತೆಗೆದುಕೊಳ್ಳಿ. ಐದು ಪುಟ್ಟ ಶಾಲೆಗಳು, ಪ್ರತಿಯೊಂದರಲ್ಲೂ 30 ಮಕ್ಕಳು, 3 ಶಿಕ್ಷಕರು. ಆರನೆಯದು ದೊಡ್ಡ ಶಾಲೆ, 450 ಮಕ್ಕಳು, 10 ಶಿಕ್ಷಕರು. ಒಟ್ಟು 600 ಮಕ್ಕಳು, 25 ಶಿಕ್ಷಕರು. ವಾರ್ಡಿನ ಅನುಪಾತ 1:24. ಅಧಿಕಾರಿ ಖುಷಿಯಿಂದ ಸಹಿ ಹಾಕುತ್ತಾರೆ. ಆದರೆ ಆರುನೂರು ಮಕ್ಕಳಲ್ಲಿ ಮುಕ್ಕಾಲು ಪಾಲು ಓದುತ್ತಿರುವುದು 1:45ರಲ್ಲಿ. ಹಾಗಾಗಿ ಯಾರಾದರೂ ನಗರದ ಸರಾಸರಿ, ರಾಜ್ಯದ ಸರಾಸರಿ ಎಂದು ಹೇಳತೊಡಗಿದರೆ ನಡುವೆಯೇ ತಡೆದು "ನಮ್ಮ ಶಾಲೆಯದು ಹೇಳಿ" ಎನ್ನಿ.

ಕಾನೂನಿನ ಪ್ರಕಾರ ಎಷ್ಟಿರಬೇಕು?

2010ರ ಎಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಇದು ಸ್ಪಷ್ಟವಾಗಿದೆ. ಒಂದರಿಂದ ಐದನೆಯ ತರಗತಿಯವರೆಗೆ 60 ಮಕ್ಕಳ ತನಕ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು, 121ರಿಂದ 200ರವರೆಗೆ ಐವರು. ಮಕ್ಕಳು 150 ದಾಟಿದರೆ ಮುಖ್ಯಾಧ್ಯಾಪಕರು ಪ್ರತ್ಯೇಕ. 200 ದಾಟಿದ ಮೇಲೆ ಮುಖ್ಯಾಧ್ಯಾಪಕರನ್ನು ಬಿಟ್ಟು 40 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆಯಾಗಬಾರದು. ಎಲ್ಲರ ಬಾಯಲ್ಲೂ ಇರುವ "1:30" ದೊಡ್ಡ ಶಾಲೆಗೆ ಅನ್ವಯಿಸುವುದಿಲ್ಲ ಎಂಬುದು ಬಹಳ ಪಾಲಕರಿಗೆ ಗೊತ್ತೇ ಇಲ್ಲ. ಮುಂಬಯಿಯಂಥ ಊರಿನಲ್ಲಿ ದೊಡ್ಡ ಶಾಲೆಗಳಿಗೇನು ಬರವೇ?

ಆರರಿಂದ ಎಂಟನೆಯ ತರಗತಿಗೆ 35 ಮಕ್ಕಳಿಗೆ ಒಬ್ಬರು. ಜೊತೆಗೆ ವಿಜ್ಞಾನ-ಗಣಿತಕ್ಕೆ, ಸಮಾಜ ವಿಜ್ಞಾನಕ್ಕೆ, ಭಾಷೆಗೆ ಕನಿಷ್ಠ ಒಬ್ಬೊಬ್ಬರು ಇರಬೇಕು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಾಲೆಯಲ್ಲೂ 30ಕ್ಕಿಂತ ಕಡಿಮೆ ಇರಬೇಕು, ಹಿಂದುಳಿದ ಕುಟುಂಬಗಳ ಮಕ್ಕಳು ಹೆಚ್ಚಿರುವ ಕಡೆ 25ಕ್ಕಿಂತ ಕಡಿಮೆ ಇರಬೇಕು ಎನ್ನುತ್ತದೆ. ಆದರೆ ನೀತಿಯನ್ನು ಹಿಡಿದು ಕೋರ್ಟಿಗೆ ಹೋಗಲಾಗದು, ಕಾಯಿದೆಯನ್ನು ಹಿಡಿದು ಹೋಗಬಹುದು.

ಮಹಾರಾಷ್ಟ್ರದಲ್ಲಿ ಪ್ರತಿ ಶಾಲೆಗೆ ಎಷ್ಟು ಹುದ್ದೆ ಎಂಬುದನ್ನು ವರ್ಷವರ್ಷವೂ ನಿಗದಿಪಡಿಸುವ ಪತ್ರಕ್ಕೆ "ಸಂಚ್ ಮಾನ್ಯತಾ" ಎಂದು ಹೆಸರು. ಅದರ ಮಾನದಂಡವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ಹೊಸ ಆದೇಶದ ಮೂಲಕ ಬದಲಿಸಿತು, ಶಿಕ್ಷಕರ ಸಂಘಗಳು ವಿರೋಧಿಸಿದವು. ನಿಮ್ಮ ಶಾಲೆಯ ಆ ವರ್ಷದ ಸಂಚ್ ಮಾನ್ಯತಾ ನೋಡದೆ ವಾದಕ್ಕಿಳಿಯಬೇಡಿ.

ಪಾಲಿಕೆಯ ಕನ್ನಡ ಶಾಲೆಯಲ್ಲಿ 1:14 ಇದೆ. ಪಕ್ಕದ ಖಾಸಗಿ ಇಂಗ್ಲಿಷ್ ಶಾಲೆಯಲ್ಲಿ 1:45. ಹಾಗಾದರೆ ಕನ್ನಡ ಶಾಲೆಯೇ ಮೇಲಲ್ಲವೇ?

ಈ ಪುಟ ಬರೆಯಲು ಕಾರಣವಾದದ್ದೇ ಈ ಪ್ರಶ್ನೆ.

ಅನುಪಾತ ಇಳಿಯಲು ಎರಡು ದಾರಿಗಳಿವೆ. ಶಿಕ್ಷಕರು ಹೆಚ್ಚಾಗಬೇಕು ಅಥವಾ ಮಕ್ಕಳು ಬಿಟ್ಟು ಹೋಗಬೇಕು. ಮುಂಬಯಿಯ ಕನ್ನಡ ಶಾಲೆಗಳಲ್ಲಿ ಆಗಿರುವುದು ಎರಡನೆಯದು. ಮುಂಬಯಿ ಮಹಾನಗರಪಾಲಿಕೆ ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಹೀಗೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದೆ. ಒಂದೇ ಕಟ್ಟಡದಲ್ಲಿ ಕೆಳಗಡೆ ಹಿಂದಿ ಶಾಲೆ, ಅದರ ಮೇಲೆ ಉರ್ದು, ಕೊನೆಯ ಮಹಡಿಯಲ್ಲಿ ಕನ್ನಡ ಇರುವುದು ಇಲ್ಲಿ ಹೊಸದೇನಲ್ಲ. ಕೆಳಗಿನ ಮಹಡಿಯಲ್ಲಿ ಬೆಂಚು ಸಾಲದೆ ಮಕ್ಕಳು ಒತ್ತಿಕೊಂಡು ಕುಳಿತಿರುತ್ತಾರೆ, ಮೇಲೆ ಅರ್ಧ ಬೆಂಚುಗಳು ಖಾಲಿ. ಹೋಟೆಲಿನಲ್ಲಿ, ಬಂದರಿನಲ್ಲಿ, ಗಿರಣಿಗಳಲ್ಲಿ ದುಡಿಯಲು ಬಂದ ತಲೆಮಾರಿನ ಮಕ್ಕಳು ಕನ್ನಡದಲ್ಲಿ ಕಲಿತರು. ಅವರ ಮಕ್ಕಳು ಇಂಗ್ಲಿಷಿಗೆ ಹೋದರು. ಇದನ್ನು ತಪ್ಪು ಎಂದು ಬೈಯಲು ನನಗೆ ಮನಸ್ಸಿಲ್ಲ. ವೇದಿಕೆಯ ಮೇಲೆ ನಿಂತು ಕನ್ನಡ ಶಾಲೆ ಉಳಿಸಿ ಎಂದು ಭಾಷಣ ಬಿಗಿದವರ ಮೊಮ್ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ಎಂದು ಕೇಳಿ ನೋಡಿ.

ಹೀಗೆ ಮಕ್ಕಳು ಕರಗಿ ಬಂದ 1:14ರ ಒಳಗೆ ಏನಿರುತ್ತದೆ ಎಂಬುದನ್ನು ನೋಡಬೇಕು. ಒಂದರಿಂದ ಐದರವರೆಗೆ 28 ಮಕ್ಕಳು, ಇಬ್ಬರು ಶಿಕ್ಷಕರು. ಐದು ತರಗತಿಗಳನ್ನು ಇಬ್ಬರು ಹಂಚಿಕೊಳ್ಳಬೇಕು. ಅವರಲ್ಲೊಬ್ಬರು ಮುಖ್ಯಾಧ್ಯಾಪಕರ ಉಸ್ತುವಾರಿಯನ್ನೂ ಹೊತ್ತಿರುತ್ತಾರೆ. ಆದ್ದರಿಂದ ನೀವು ಕೇಳಬೇಕಾದದ್ದು "ಎಷ್ಟು ಮಕ್ಕಳಿಗೆ ಒಬ್ಬರು?" ಎಂದಲ್ಲ, "ಎಷ್ಟು ತರಗತಿಗಳಿಗೆ ಒಬ್ಬರು?" ಎಂದು. ತರಗತಿಗೊಬ್ಬರಂತೆ ಐವರು ಶಿಕ್ಷಕರಿದ್ದು ಮಕ್ಕಳು ಕಡಿಮೆಯಿದ್ದರೆ ಧಾರಾಳವಾಗಿ ಸೇರಿಸಿ, ಅಂಥ ಶಾಲೆ ಖಾಸಗಿಯಲ್ಲಿ ಲಕ್ಷ ಕೊಟ್ಟರೂ ಸಿಗದು.

ಒಬ್ಬರೇ ಶಿಕ್ಷಕಿ ಎರಡು ಮೂರು ತರಗತಿಗಳನ್ನು ಒಟ್ಟಿಗೆ ನಡೆಸುವುದು ಹೇಗೆ?

ಒಂದು ಬೆಳಗ್ಗೆ ನಾನು ಕಂಡದ್ದನ್ನು ಹೇಳುತ್ತೇನೆ. ಶಾಲೆಯ ಹೆಸರು ಬೇಡ. ಒಂದು ಕೋಣೆ, ಎದುರುಬದುರು ಗೋಡೆಗಳಲ್ಲಿ ಎರಡು ಕರಿಹಲಗೆ. ಈಚೆ ಮುಖ ಮಾಡಿ ಮೂರನೆಯವರು, ಆಚೆ ಮುಖ ಮಾಡಿ ನಾಲ್ಕನೆಯವರು, ಬಾಗಿಲ ಬಳಿ ಚಾಪೆಯ ಮೇಲೆ ಒಂದನೆಯ ತರಗತಿಯ ಆರು ಮಕ್ಕಳು. ಶಿಕ್ಷಕಿ ನಾಲ್ಕನೆಯವರಿಗೆ ಭಾಗಾಕಾರದ ಲೆಕ್ಕ ಬರೆದುಕೊಟ್ಟು ಮೂರನೆಯವರ ಪದ್ಯಕ್ಕೆ ತಿರುಗಿದರು. ಎರಡು ಸಾಲು ಓದುವಷ್ಟರಲ್ಲಿ ಚಾಪೆಯ ಮೇಲಿನ ಹುಡುಗಿಯೊಬ್ಬಳು "ಟೀಚರ್, ಇವನು ನನ್ನ ರಬ್ಬರ್ ತೆಗೆದುಕೊಂಡ" ಎಂದು ಎದ್ದಳು. ಅದನ್ನು ಬಗೆಹರಿಸಿ ಬರುವ ಹೊತ್ತಿಗೆ ನಾಲ್ಕನೆಯವರಲ್ಲಿ ಬರುವವರು ಲೆಕ್ಕ ಮುಗಿಸಿದ್ದರು, ಬಾರದವರು ಅವರ ಪುಸ್ತಕ ನೋಡಿ ಬರೆದುಕೊಂಡಿದ್ದರು. ಶಿಕ್ಷಕಿ ಎಲ್ಲರಿಗೂ ಸರಿ ಗುರುತು ಹಾಕಿದರು. ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಇನ್ನೊಮ್ಮೆ ಹೇಳಿಕೊಡಲು ಹೊತ್ತಿರಲಿಲ್ಲ.

ಗಣಿತವೂ ಇದನ್ನೇ ಹೇಳುತ್ತದೆ. ಕಾಯಿದೆಯ ಪ್ರಕಾರ ಐದನೆಯವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ. ಅಂದರೆ ದಿನಕ್ಕೆ ನಾಲ್ಕು ಗಂಟೆ, 240 ನಿಮಿಷ. ಐದು ತರಗತಿಗೆ ಇಬ್ಬರೆಂದರೆ ಒಂದೊಂದು ತರಗತಿಗೆ ಶಿಕ್ಷಕರ ನೇರ ಪಾಠ ಸಿಗುವುದು 96 ನಿಮಿಷ. ಉಳಿದ ಎರಡೂಕಾಲು ಗಂಟೆಗೂ ಹೆಚ್ಚು ಹೊತ್ತು "ಸುಮ್ಮನೆ ಬರೆಯಿರಿ".

ಆದರೂ ಬಹುವರ್ಗ ಬೋಧನೆ ಎಂದ ಕೂಡಲೇ ಮೂಗು ಮುರಿಯಬೇಡಿ. ಕರ್ನಾಟಕದ "ನಲಿ-ಕಲಿ" ಹುಟ್ಟಿದ್ದೇ ಇಂಥ ಕೋಣೆಗಳಿಗಾಗಿ. 1990ರ ದಶಕದಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯಿಂದ ಪ್ರೇರಣೆ ಪಡೆದು ಆರಂಭವಾದ ಅದರಲ್ಲಿ ಮಕ್ಕಳು ತರಗತಿಯ ಪ್ರಕಾರವಲ್ಲ, ಕಲಿಕೆಯ ಮೆಟ್ಟಿಲಿನ ಪ್ರಕಾರ ಗುಂಪಾಗಿ ಕುಳಿತು ಕಾರ್ಡುಗಳಿಂದ ಕಲಿಯುತ್ತಾರೆ. ಆ ಸಾಮಗ್ರಿ, ಆ ತರಬೇತಿ ಇದ್ದರೆ ಒಬ್ಬರು ಮೂರು ತರಗತಿ ನಡೆಸಬಹುದು. ತರಗತಿಗೊಂದರಂತೆ ಬರೆದ ಪಠ್ಯಪುಸ್ತಕವನ್ನು ಕೈಗೆ ಕೊಟ್ಟು "ಮೂರನ್ನೂ ನೀವೇ ನೋಡಿಕೊಳ್ಳಿ" ಎಂದರೆ ಆಗುವುದು ಮೇಲೆ ಹೇಳಿದ್ದೇ.

ಮಕ್ಕಳು ಕಡಿಮೆಯಿದ್ದರೆ ಕಲಿಕೆ ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ಇದೆಯೇ?

ಇದೆ, ಆದರೆ ನಾವು ಅಂದುಕೊಂಡಷ್ಟು ಸರಳವಾಗಿಲ್ಲ.

ಎಲ್ಲರೂ ಎತ್ತಿ ಹೇಳುವುದು ಅಮೆರಿಕದ ಟೆನೆಸ್ಸಿ ರಾಜ್ಯದ ಪ್ರಯೋಗವನ್ನು. 1985ರಿಂದ ನಾಲ್ಕು ವರ್ಷ, 79 ಶಾಲೆಗಳ ಪುಟ್ಟ ಮಕ್ಕಳನ್ನು ಚೀಟಿ ಎತ್ತಿದಂತೆ 13ರಿಂದ 17 ಮಕ್ಕಳ ತರಗತಿಗಳಿಗೂ 22ರಿಂದ 25 ಮಕ್ಕಳ ತರಗತಿಗಳಿಗೂ ಹಂಚಿದರು. ಚಿಕ್ಕ ತರಗತಿಯ ಮಕ್ಕಳು ಓದು, ಗಣಿತ ಎರಡರಲ್ಲೂ ಮುಂದಿದ್ದರು. ಬಡ ಮಕ್ಕಳಿಗೆ, ಕಪ್ಪು ವರ್ಣೀಯ ಮಕ್ಕಳಿಗೆ ಲಾಭ ಇನ್ನೂ ಹೆಚ್ಚು. ಆದರೆ ಅಲ್ಲಿಯ "ದೊಡ್ಡ" ತರಗತಿ ನಮ್ಮ ಪಾಲಿಗೆ ಕನಸಿನ ತರಗತಿ ಎಂಬುದನ್ನು ಮರೆಯಬಾರದು.

ಕೀನ್ಯಾದಲ್ಲಿ ಒಂದನೆಯ ತರಗತಿಗೆ ಹೆಚ್ಚುವರಿ ಶಿಕ್ಷಕರನ್ನು ಕೊಟ್ಟು, ಎಂಬತ್ತರ ಆಸುಪಾಸಿನಲ್ಲಿದ್ದ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿದರು. ಕಾಯಂ ಶಿಕ್ಷಕರ ಬಳಿಯೇ ಉಳಿದ ಮಕ್ಕಳ ಕಲಿಕೆ ಹೇಳಿಕೊಳ್ಳುವಷ್ಟು ಏರಲಿಲ್ಲ. ಹೊಸಬರು ಬಂದರೆಂದು ಕಾಯಂ ಶಿಕ್ಷಕರು ಇನ್ನಷ್ಟು ಗೈರುಹಾಜರಾದದ್ದೂ ಒಂದು ಕಾರಣ. ಮನುಷ್ಯಸ್ವಭಾವ ಎಲ್ಲ ಕಡೆಯೂ ಒಂದೇ.

ನಮಗೆ ಮುಖ್ಯವಾದದ್ದು ಮೂರನೆಯದು, ಏಕೆಂದರೆ ಅದು ನಡೆದದ್ದು ಇದೇ ಮುಂಬಯಿಯ ಪಾಲಿಕೆ ಶಾಲೆಗಳಲ್ಲಿ ಮತ್ತು ವಡೋದರಾದಲ್ಲಿ. 1995ರಲ್ಲಿ ಮುಂಬಯಿಯಲ್ಲಿ ಹುಟ್ಟಿದ "ಪ್ರಥಮ್" ಸಂಸ್ಥೆ "ಬಾಲಸಖಿ" ಎಂಬ ಕಾರ್ಯಕ್ರಮ ನಡೆಸುತ್ತಿತ್ತು. ಬಸ್ತಿಯದೇ ಒಬ್ಬ ಯುವತಿ, ಎರಡು ವಾರದ ತರಬೇತಿ, ತಿಂಗಳಿಗೆ 500ರಿಂದ 750 ರೂಪಾಯಿ. ಮೂರು-ನಾಲ್ಕನೆಯ ತರಗತಿಯಲ್ಲಿ ಹಿಂದುಳಿದ 15-20 ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಅಕ್ಷರ, ಕೂಡು-ಕಳೆ ಕಲಿಸುವುದು ಅವಳ ಕೆಲಸ. 2001ರಿಂದ 2003ರವರೆಗೆ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಇದನ್ನು ಅಳೆದರು (ಅವರಿಬ್ಬರಿಗೂ 2019ರಲ್ಲಿ ನೊಬೆಲ್ ಬಂತು). ಬಾಲಸಖಿಯ ಬಳಿ ಹೋದ ಮಕ್ಕಳು ಚೆನ್ನಾಗಿ ಮೇಲೇರಿದರು. ಆ ಎರಡು ಗಂಟೆ ತರಗತಿಯಲ್ಲೇ ಉಳಿದವರಿಗೆ ಶಿಕ್ಷಕರೆದುರು ಮಕ್ಕಳ ಸಂಖ್ಯೆ ಕಡಿಮೆಯಾಗಿತ್ತಲ್ಲ, ಅವರಿಗೇನು ಲಾಭವಾಯಿತು? ಏನೂ ಆಗಲಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಸಂಖ್ಯೆ ಇಳಿದರೂ ಪಾಠ ಹಳೆಯದೇ ಆದರೆ ಮಗು ಹಳೆಯ ಜಾಗದಲ್ಲೇ ಇರುತ್ತದೆ. ಮಗುವಿಗೆ ಬರುವ ಮಟ್ಟದಿಂದ ಪಾಠ ಶುರುವಾದರೆ ಪಿಯುಸಿ ಓದಿದ ಹುಡುಗಿಯೂ ಕಲಿಸಬಲ್ಲಳು. ಅದರರ್ಥ ಅನುಪಾತ ಬೇಡವೆಂದಲ್ಲ. 55 ಮಕ್ಕಳ ಮುಂದೆ ನಿಂತವರು ಯಾವ ಮಗು ಯಾವ ಮಟ್ಟದಲ್ಲಿದೆ ಎಂದು ತಿಳಿಯುವುದು ಹೇಗೆ? ಹಾಜರಿ ಕರೆಯುವುದರಲ್ಲೇ ಹತ್ತು ನಿಮಿಷ ಕಳೆದಿರುತ್ತದೆ.

ಶಿಕ್ಷಕರು ಲೆಕ್ಕದಲ್ಲಿದ್ದಾರೆ, ತರಗತಿಯಲ್ಲಿಲ್ಲ. ಚುನಾವಣೆ ಕೆಲಸ ಎನ್ನುತ್ತಾರೆ. ಇದು ಸರಿಯೇ?

ಜನಗಣತಿ, ವಿಪತ್ತು ಪರಿಹಾರ, ಸ್ಥಳೀಯ ಸಂಸ್ಥೆ-ವಿಧಾನಸಭೆ-ಸಂಸತ್ತಿನ ಚುನಾವಣೆ, ಇವಿಷ್ಟಕ್ಕೆ ಮಾತ್ರ ಶಿಕ್ಷಕರನ್ನು ಕಳುಹಿಸಬಹುದೆಂದು ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಒಂದು ಶಾಲೆಗೆ ನೇಮಿಸಿದವರನ್ನು ಬೇರೆ ಶಾಲೆಗೋ ಕಚೇರಿಗೋ ದುಡಿಸಿಕೊಳ್ಳುವಂತಿಲ್ಲ ಎಂದು 25ನೆಯ ಕಲಮು. ಮತದಾರರ ಪಟ್ಟಿಯ ಕೆಲಸ ಚುನಾವಣೆಯ ಹೆಸರಿನಲ್ಲಿ ನುಸುಳಿಕೊಳ್ಳುತ್ತದೆ. 40 ಶಿಕ್ಷಕರ ಶಾಲೆಯಿಂದ ಇಬ್ಬರು ಹೋದರೆ ಹೇಗೋ ನಡೆಯುತ್ತದೆ. ಇಬ್ಬರೇ ಇರುವ ಶಾಲೆಯಿಂದ ಒಬ್ಬರು ಹೋದರೆ ಶಾಲೆಯೇ ಅರ್ಧವಾಗುತ್ತದೆ. ಇಂಥ ಶಾಲೆಗಳನ್ನು ಕೈಬಿಡಿ ಎಂದು ವಾರ್ಡಿನ ಶಿಕ್ಷಣಾಧಿಕಾರಿಗೆ ಮೊದಲೇ, ಬರಹದಲ್ಲಿ ಕೇಳಿ. ಆದೇಶ ಬಂದ ಮೇಲೆ ಕೇಳಿದರೆ ಪ್ರಯೋಜನವಿಲ್ಲ.

ಸೆಪ್ಟೆಂಬರ್ ಬಂದರೆ ಶಿಕ್ಷಕರು ಮನೆಮನೆಗೆ ಬಂದು "ಮಗುವನ್ನು ತಪ್ಪದೆ ಕಳಿಸಿ" ಎನ್ನುವುದು ಏಕೆ?

ಸೆಪ್ಟೆಂಬರ್ 30ರ ಪಟಸಂಖ್ಯೆಯ (ದಾಖಲಾದ ಮಕ್ಕಳ ಸಂಖ್ಯೆಯ) ಮೇಲೆ ಹುದ್ದೆಗಳು ನಿಲ್ಲುತ್ತವೆ. ಕಾಯಿದೆಯ ಪಟ್ಟಿಯಲ್ಲಿ 61ನೆಯ ಮಗುವಿದ್ದರೆ ಮೂರನೆಯ ಶಿಕ್ಷಕರು, 60ಕ್ಕೆ ನಿಂತರೆ ಇಬ್ಬರೇ. ಒಂದೇ ಮಗು ಬೇರೆ ಶಾಲೆಗೆ ಹೋದರೆ ಒಬ್ಬರು "ಹೆಚ್ಚುವರಿ"ಯಾಗಿ ಬೇರೆಡೆಗೆ ಹೋಗಬೇಕು. ಊರಿನಲ್ಲಿ ಚೌತಿ, ತೆನೆಹಬ್ಬ ಎಂದು ಆ ದಿನಗಳಲ್ಲಿ ಮಕ್ಕಳನ್ನು ಉಡುಪಿಗೋ ಕಲಬುರಗಿಗೋ ಕರೆದೊಯ್ಯುವ ಮುನ್ನ ಇದನ್ನು ನೆನಪಿಡಿ.

ಖಾಲಿ ಹುದ್ದೆಗಳಿಗೆ ಕನ್ನಡ ಶಿಕ್ಷಕರನ್ನು ಏಕೆ ನೇಮಿಸುವುದಿಲ್ಲ?

ಮಂಜೂರಾದ ಹುದ್ದೆಗಳಲ್ಲಿ ಶೇಕಡಾ 10ಕ್ಕಿಂತ ಹೆಚ್ಚು ಖಾಲಿ ಇರಬಾರದು ಎಂಬುದು 26ನೆಯ ಕಲಮು. ಇಬ್ಬರ ಶಾಲೆಯಲ್ಲಿ ಒಂದು ಖಾಲಿಯಿದ್ದರೂ ಉಲ್ಲಂಘನೆಯೇ. ಆದರೆ ತೊಡಕು ನಿಜವಾದದ್ದು. ಕನ್ನಡದಲ್ಲಿ ಓದಿ, ಶಿಕ್ಷಕ ತರಬೇತಿ ಪಡೆದು, ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಮತ್ತು ಮಹಾರಾಷ್ಟ್ರದ ಅಭಿಯೋಗ್ಯತಾ ಪರೀಕ್ಷೆ ಎರಡನ್ನೂ ಬರೆದು ರಾಜ್ಯದ ಶಿಕ್ಷಕ ನೇಮಕಾತಿಯ "ಪವಿತ್ರ" ಪೋರ್ಟಲ್‌ನ ಮೂಲಕ ಬರುವವರು ಬೆರಳೆಣಿಕೆಯಷ್ಟು. ಹೆಚ್ಚಿನವರು ಕನ್ನಡ ಶಾಲೆಗಳು ಇನ್ನೂ ಇರುವ ಗಡಿಭಾಗದ ಅಕ್ಕಲಕೋಟೆ, ಜತ್ತದ ಕಡೆಯವರು. ಅವರು ಊರ ಹತ್ತಿರವೇ ಕೆಲಸ ಬಯಸಿದರೆ ಆಶ್ಚರ್ಯವೇನು? ಮುಂಬಯಿಯ ಬಾಡಿಗೆ ಕಟ್ಟಿ ಬದುಕುವುದು ಹೊಸ ಶಿಕ್ಷಕರಿಗೆ ಸುಲಭವಲ್ಲ.

ನಮ್ಮದು ಕನ್ನಡಿಗರ ಸಂಸ್ಥೆ ನಡೆಸುವ ಭಾಷಾ ಅಲ್ಪಸಂಖ್ಯಾತ ಶಾಲೆ. ಈ ನಿಯಮಗಳು ಅನ್ವಯಿಸುತ್ತವೆಯೇ?

ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯಿದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಅನುದಾನಿತ ಶಾಲೆಯಾದರೆ ಹುದ್ದೆಗಳ ಸಂಖ್ಯೆ ಸರ್ಕಾರದ ಸಂಚ್ ಮಾನ್ಯತಾದಿಂದಲೇ ಬರುತ್ತದೆ. ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಮಾಡಿಕೊಡಲು ರಾಜ್ಯಗಳು ಪ್ರಯತ್ನಿಸಬೇಕು ಎನ್ನುತ್ತದೆ. ಮನವಿ ಬರೆಯುವಾಗ ಅದನ್ನು ಉಲ್ಲೇಖಿಸಿ.

ಇಂಗ್ಲಿಷ್ ಮಾಧ್ಯಮದ ಮುಂಬಯಿ ಪಬ್ಲಿಕ್ ಸ್ಕೂಲಿಗೆ ಸೇರಿಸಿದರೆ ಹೇಗೆ?

ಸೇರಿಸಬಹುದು, ಅದೂ ಪಾಲಿಕೆಯದೇ, ಉಚಿತವೇ. ಆದರೆ ಬೇಡಿಕೆಯಿರುವ ಕಡೆ ತರಗತಿ ತುಂಬಿರುತ್ತದೆ. ಮನೆಯಲ್ಲಿ ಕನ್ನಡವೋ ತುಳುವೋ, ಓಣಿಯಲ್ಲಿ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಎಂದಾಗ ಮಗುವಿಗೆ ಹೆಚ್ಚಿನ ಗಮನ ಬೇಕಾಗುವುದೇ ಆ ಮೊದಲ ಎರಡು ವರ್ಷ. ಆಗಲೇ ಮಗು ಐವತ್ತರಲ್ಲಿ ಒಬ್ಬನಾದರೆ ಕಷ್ಟ. ಪ್ರವೇಶಕ್ಕೆ ಮುನ್ನ ಒಂದನೆಯ ತರಗತಿಯ ಬಾಗಿಲಲ್ಲಿ ನಿಂತು ಮಕ್ಕಳನ್ನು ಎಣಿಸಿ ಬನ್ನಿ.

ಕಡಿಮೆಯಾದ ಸಮಯವನ್ನು ಟ್ಯೂಷನ್‌ನಿಂದ ತುಂಬಿಸಬಹುದೇ?

ಬೇರೆಯವರ ಬಳಿ ಕಳಿಸುವುದು ನಿಮ್ಮಿಷ್ಟ. ಶಾಲೆಯ ಶಿಕ್ಷಕರೇ ಖಾಸಗಿ ಟ್ಯೂಷನ್ ಹೇಳುವುದನ್ನು 28ನೆಯ ಕಲಮು ನಿಷೇಧಿಸಿದೆ.

ನಮ್ಮ ಶಾಲೆಯ ಅಂಕಿ ಎಲ್ಲಿ ಸಿಗುತ್ತದೆ? ಯಾರನ್ನು ಕೇಳಬೇಕು?

ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಕೇತವಿದೆ, ಮಹಾರಾಷ್ಟ್ರದ್ದು 27ರಿಂದ ಶುರುವಾಗುತ್ತದೆ. ಶಾಲೆಯ ಫಲಕದಲ್ಲೋ ಪ್ರಗತಿಪತ್ರದಲ್ಲೋ ಇರುತ್ತದೆ. ಅದನ್ನು ಯುಡೈಸ್ ಪ್ಲಸ್ ಜಾಲತಾಣದಲ್ಲಿ ಹಾಕಿದರೆ ಮಕ್ಕಳ ಮತ್ತು ಶಿಕ್ಷಕರ ಸಂಖ್ಯೆ ಕಾಣುತ್ತದೆ.

ಪಾಲಿಕೆ ಶಾಲೆಯಾದರೆ ಶಾಲಾ ವ್ಯವಸ್ಥಾಪನ ಸಮಿತಿ ಇರಲೇಬೇಕು. ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಹೆಚ್ಚಿನ ಕಡೆ ಸಭೆಯ ಪುಸ್ತಕಕ್ಕೆ ಸಹಿ ಮಾತ್ರ ನಡೆಯುತ್ತದೆ. ಸಹಿ ಹಾಕುವ ಮುನ್ನ ಮೂರು ಮಾತು ಕೇಳಿ: ಈ ವರ್ಷದ ಸಂಚ್ ಮಾನ್ಯತಾದಲ್ಲಿ ಎಷ್ಟು ಹುದ್ದೆ, ಇಂದು ಶಾಲೆಯಲ್ಲಿ ಎಷ್ಟು ಜನ, ಯಾರು ಯಾವ ಯಾವ ತರಗತಿ ನೋಡಿಕೊಳ್ಳುತ್ತಿದ್ದಾರೆ. ಉತ್ತರವನ್ನು ನಡಾವಳಿಯಲ್ಲಿ ಬರೆಯಿಸಿ. ಉತ್ತರ ಬಾರದಿದ್ದರೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಇದ್ದೇ ಇದೆ. ಶಿಕ್ಷಕರ ಮೇಲೆ ಮಾತ್ರ ಹರಿಹಾಯಬೇಡಿ. ಹುದ್ದೆ ಖಾಲಿಯಿರುವುದರಿಂದ ಮೊದಲು ಸೊರಗುವವರು ಅವರೇ.

ಮಗು ನಿಜವಾಗಿ ಕಲಿಯುತ್ತಿದೆಯೇ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ಪ್ರಗತಿಪತ್ರ ಬದಿಗಿಡಿ. ಮೂರನೆಯ ತರಗತಿಯ ಮಗುವಿಗೆ ಎರಡನೆಯ ತರಗತಿಯ ಪುಸ್ತಕದಿಂದ, ಅದು ಮೊದಲು ಓದಿರದ ಒಂದು ಪುಟ ಕೊಡಿ. ತಡವರಿಸದೆ ಓದಿ, ಏನಾಯಿತೆಂದು ತನ್ನ ಮಾತಿನಲ್ಲಿ ಹೇಳಿದರೆ ಚಿಂತೆಯಿಲ್ಲ. ಆಮೇಲೆ ಪಕ್ಕದ ಅಂಕಿಯಿಂದ ಹತ್ತು ಕಡ ತೆಗೆದು ಕಳೆಯುವ ಒಂದು ಲೆಕ್ಕ ಕೊಡಿ. 2005ರಿಂದ ನಡೆಯುತ್ತಿರುವ "ಅಸರ್" ಸಮೀಕ್ಷೆ ಮಕ್ಕಳನ್ನು ಅಳೆಯುವುದು ಹೆಚ್ಚುಕಡಿಮೆ ಹೀಗೆಯೇ: ಅಕ್ಷರ, ಪದ, ಒಂದನೆಯ ತರಗತಿಯ ಪರಿಚ್ಛೇದ, ಎರಡನೆಯ ತರಗತಿಯ ಕಥೆ. ಮಗು ಎಲ್ಲಿ ನಿಂತಿತೋ ಅಲ್ಲಿಂದಲೇ ಕಲಿಸಬೇಕು.

ನಮ್ಮ ಕನ್ನಡ ಸಂಘ ಏನಾದರೂ ಮಾಡಬಹುದೇ? ಹುದ್ದೆ ತುಂಬಿಸುವುದು ನಮ್ಮ ಕೈಯಲ್ಲಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿ ಶಾಲೆ ನಡೆಸಿ ಮೆಟ್ರಿಕ್ ಪಾಸು ಮಾಡಿಸಿದ ಪರಂಪರೆ ಮುಂಬಯಿ ಕನ್ನಡಿಗರದು. ಈಗ ಸಂಘಗಳ ಹಣ ಹೋಗುವುದು ವಾರ್ಷಿಕೋತ್ಸವದ ಪೆಂಡಾಲಿಗೆ, ಶಾಲು-ಹಾರಕ್ಕೆ. ನೋಟ್‌ಬುಕ್ ಹಂಚಿ ಫೋಟೊ ತೆಗೆಸಿಕೊಳ್ಳುವುದಕ್ಕಿಂತ ಬಾಲಸಖಿಯ ಮಾದರಿಯಲ್ಲಿ ಒಬ್ಬರನ್ನು ಗೌರವಧನ ಕೊಟ್ಟು ನೇಮಿಸುವುದು ಮೇಲು. ನಿವೃತ್ತ ಶಿಕ್ಷಕಿ, ಕಾಲೇಜು ಮುಗಿಸಿದ ಹುಡುಗಿ, ಯಾರಾದರೂ ಆದೀತು, ದಿನವೂ ಬರಬೇಕು ಅಷ್ಟೇ. ವಾರಕ್ಕೊಮ್ಮೆ ಬರುವ ಸ್ವಯಂಸೇವಕರಿಂದ ಮಕ್ಕಳಿಗೆ ಬಿಸ್ಕೆಟ್ ಸಿಗುತ್ತದೆ, ಓದು ಬರುವುದಿಲ್ಲ.

ಮೊದಲು ವ್ಯವಸ್ಥಾಪನ ಸಮಿತಿಯಲ್ಲಿ ಠರಾವು ಮಾಡಿಸಿ, ವಾರ್ಡ್ ಕಚೇರಿಯ ಒಪ್ಪಿಗೆ ಪಡೆಯಿರಿ. ಜೂನ್‌ನಲ್ಲಿ ಎಲ್ಲ ಮಕ್ಕಳ ಓದನ್ನು ಮೇಲೆ ಹೇಳಿದಂತೆ ಪರೀಕ್ಷಿಸಿ, ತರಗತಿ ನೋಡದೆ ಮಟ್ಟದ ಪ್ರಕಾರ ಗುಂಪು ಮಾಡಿ. ನಾಲ್ಕನೆಯವನು ಎರಡನೆಯವಳ ಪಕ್ಕ ಕುಳಿತರೆ ತಪ್ಪೇನಿಲ್ಲ. ಗುಂಪಿನಲ್ಲಿ ಇಪ್ಪತ್ತು ದಾಟಬಾರದು. ದೀಪಾವಳಿ ರಜೆಗೆ ಮುನ್ನ ಮತ್ತೊಮ್ಮೆ ಪರೀಕ್ಷಿಸಿ ಗುಂಪು ಬದಲಿಸಿ. ಇಂಗ್ಲಿಷ್ ಶಾಲೆಗೆ ಹೋಗುವ ನೆರೆಮನೆಯ ಕನ್ನಡ ಮಕ್ಕಳು ಸಂಜೆ ಬರುತ್ತೇವೆಂದರೆ ಅವರಿಗೆ ಬೇರೆ ಹೊತ್ತು ಗೊತ್ತುಮಾಡಿ. ಶಾಲೆಯ ಮಕ್ಕಳ ಗುಂಪಿಗೆ ಅವರನ್ನು ಬೆರೆಸಬೇಡಿ.